ಫ್ಯಾಕ್ಟರಿಗೆ ಬಂದ ಮುಯ್ಯಾಳು

ನಾನು ಮೇಲ್ವಿಚಾರಕಿಯಾಗಿದ್ದ ಕಾರ್ಖಾನೆಯಲ್ಲಿ ಹನ್ನೆರಡು ಜನ ಹೆಂಗಸರು ಕೆಲಸ ಮಾಡುತ್ತಾರೆ ಎಂದು ಒಂದು ವರ್ಷ ನಂಬಿಕೊಂಡಿದ್ದೆ. ದಿನಾ ಬೆಳಿಗ್ಗೆ ಗೇಟಿನ ಪಕ್ಕದ ಕೋಣೆಯಲ್ಲಿ ಕೂತು, ಕೈ ಮಾತ್ರ ಕಾಣುವ ಕಿಂಡಿಯಲ್ಲಿ ಹನ್ನೆರಡು ಹಿತ್ತಾಳೆ ಟೋಕನ್ನು ತೆಗೆದುಕೊಳ್ಳುತ್ತಿದ್ದೆ, ಹಾಜರಿ ಪುಸ್ತಕದಲ್ಲಿ ಹನ್ನೆರಡು ಗೆರೆ ಎಳೆಯುತ್ತಿದ್ದೆ, ಸಂಜೆ ಹನ್ನೆರಡನ್ನೂ ವಾಪಸು ಕೊಡುತ್ತಿದ್ದೆ. ನಿಜಕ್ಕೂ ಅಲ್ಲಿ ಕೆಲಸ ಮಾಡುತ್ತಿದ್ದವರು ಇಪ್ಪತ್ತಕ್ಕೂ ಹೆಚ್ಚು ಜನ. ನನ್ನದು ಹದ್ದಿನ ಕಣ್ಣು ಎಂದು ಹೊಗಳಿ ನಮ್ಮ ಯಜಮಾನರು ನನ್ನನ್ನು ಆ ಕೋಣೆಯಲ್ಲಿ ಕೂರಿಸಿದ್ದರು.

ಆಗ ಎಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷವಾಗಿತ್ತು. ನನ್ನ ಗಂಡನಿಗೆ ಹೊಸೂರಿನ ದೊಡ್ಡ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ, ನಾವು ಕೋಲಾರದ ಕಡೆಯಿಂದ ಬಂದು ಮೂಕಂಡಪಲ್ಲಿಯ ಸಾಲುಮನೆಯೊಂದರಲ್ಲಿ ಬಾಡಿಗೆಗಿದ್ದೆವು. ಸರ್ಕಾರ ಆ ಸೀಮೆಯನ್ನು ಹಿಂದುಳಿದ ಪ್ರದೇಶ ಎಂದು ಕಾಗದದಲ್ಲಿ ಬರೆದು, ಅಲ್ಲಿ ಕಾರ್ಖಾನೆ ಹಾಕುವವರಿಗೆ ರಿಯಾಯಿತಿ ಕೊಡುತ್ತಿತ್ತು. ತಾವು ಹಿಂದುಳಿದಿದ್ದೇವೆ ಎಂಬ ಸುದ್ದಿ ಸುತ್ತಲಿನ ಹಳ್ಳಿಗಳಿಗೆ ಮುಟ್ಟುವ ಮೊದಲೇ ಶೆಡ್ಡುಗಳು ಎದ್ದಿದ್ದವು. ನಮ್ಮದು ಅಂಥದ್ದೇ ಒಂದು ತಗಡಿನ ಶೆಡ್ಡು. ಟ್ಯೂಬ್‌ಲೈಟಿನ ಚೋಕಿಗೆ ತಾಮ್ರದ ತಂತಿ ಸುತ್ತುವುದು ಅಲ್ಲಿನ ಕೆಲಸ. ಸುತ್ತುತ್ತಿದ್ದ ಹೆಂಗಸರಲ್ಲಿ ಒಬ್ಬರ ಮನೆಯಲ್ಲೂ ಟ್ಯೂಬ್‌ಲೈಟು ಇರಲಿಲ್ಲ.

ಯಜಮಾನರು ಬೆಂಗಳೂರಿನವರು. ಹೊರದೇಶದಲ್ಲಿ ಓದಿ ಬಂದಿದ್ದರು. ಬಡತನ ದಾನಧರ್ಮದಿಂದ ಹೋಗುವುದಿಲ್ಲ, ವ್ಯಾಪಾರದಿಂದ ಹೋಗುತ್ತದೆ ಎಂಬುದು ಅವರ ಗಟ್ಟಿ ನಂಬಿಕೆ. ಇದನ್ನು ಅವರು ನನ್ನ ಸಂದರ್ಶನದಲ್ಲಿ ಹೇಳಿದರು, ಟೀ ತಂದವನಿಗೆ ಹೇಳಿದರು, ಕರೆಂಟು ಕೊಡಲು ಕಂಬ ಹತ್ತಿದ್ದ ಲೈನ್‌ಮನ್ನಿಗೂ ಕೆಳಗೆ ನಿಂತು ಹೇಳಿದರು. ಪಾಪ, ಅವನು ಇಳಿಯುವಂತಿರಲಿಲ್ಲ, ಪೂರ್ತಿ ಕೇಳಿಸಿಕೊಂಡ. ನಾನು ನಗುತ್ತಿದ್ದೆನೇ ಹೊರತು ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಹೆಂಗಸರನ್ನೇ ತೆಗೆದುಕೊಳ್ಳಬೇಕು, ಹಳ್ಳಿಯವರನ್ನೇ ತೆಗೆದುಕೊಳ್ಳಬೇಕು, ಅವರಲ್ಲಿ ಊರಾಚೆಯ ಕಾಲೊನಿಯವರೂ ಇರಲೇಬೇಕು ಎಂದು ಹಟ ಹಿಡಿದವರು ಅವರೇ. ಅವರ ಇನ್ನೊಂದು ನಿಯಮವೂ ಎಲ್ಲರಿಗೂ ಬಾಯಿಪಾಠವಾಗಿತ್ತು: ಮೊದಲ ವರ್ಷದಲ್ಲಿ ಹತ್ತು ದಿನಕ್ಕಿಂತ ಹೆಚ್ಚು ತಪ್ಪಿಸದೆ ಬಂದವರಿಗೆ ಕೆಲಸ ಕಾಯಂ. ಹನ್ನೊಂದನೇ ದಿನ ತಪ್ಪಿಸಿದರೆ ಟೋಕನ್ನು ವಾಪಸು.

ಸೂಳಗಿರಿ ದಾರಿಯ ಒಂದೇ ಹಳ್ಳಿಯಿಂದ ಹನ್ನೆರಡು ಜನವೂ ಬಂದರು. ಬಸ್ಸಿನಲ್ಲಿ ಕಂಡಕ್ಟರನ ಹತ್ತಿರ ತಮಿಳು, ತಮ್ಮಲ್ಲೇ ಜಗಳವಾದರೆ ತೆಲುಗು, ಮಿಕ್ಕ ಹೊತ್ತು ಕನ್ನಡ. ಒಂದನೇ ಟೋಕನ್ನು ಊರಗೌಡರ ಮನೆಯ ಸೊಸೆಯದು. ಹೆಸರಿಗೆ ಗೌಡರ ಮನೆ. ಜಮೀನು ಭಾಗವಾಗಿ ಭಾಗವಾಗಿ ಅವರ ಪಾಲಿಗೆ ಉಳಿದದ್ದು ಒಂದಿಷ್ಟು ರಾಗಿ ಹೊಲ ಮತ್ತು ಪೂರಾ ಗತ್ತು. ಹನ್ನೆರಡನೇ ಟೋಕನ್ನು ಕಾಲೊನಿಯ ಹುಡುಗಿಯದು. ಅವಳಿಗೆ ಕೊನೆಯ ಮಿಷನ್ನು, ವಾರ್ನಿಷ್ ಡ್ರಮ್ಮಿನ ಪಕ್ಕ, ಯಾರೂ ಕೂರಲು ಒಪ್ಪದ ಜಾಗ. ಮೊದಲ ದಿನವೇ ಊರಿನ ಹೆಂಗಸರು ತಂತಮ್ಮ ನೀರಿನ ಚೊಂಬನ್ನು ಮನೆಯಿಂದ ಹೊತ್ತು ತಂದರು. ಕಾರ್ಖಾನೆಯ ಮಡಕೆ ಅವಳೊಬ್ಬಳಿಗೇ ಉಳಿಯಿತು. ಮಿಕ್ಕವರ ಚೊಂಬು ಮಧ್ಯಾಹ್ನಕ್ಕೆ ಖಾಲಿಯಾದಾಗ ಅವಳು ತಣ್ಣೀರು ಕುಡಿಯುತ್ತಾ ಅವರನ್ನು ನೋಡುತ್ತಿದ್ದಳು.

ಒಮ್ಮೆ ಬಸ್ಸಿಗೆ ಕಾಯುವಾಗ ಅವಳನ್ನು ಕೇಳಿದ್ದೆ, ಆ ವಾರ್ನಿಷ್ ನಾತದಲ್ಲಿ ಹೇಗೆ ಕೂರುತ್ತೀಯೆ, ಹೊಲದ ಕೆಲಸ ವಾಸಿ ಅನ್ನಿಸುವುದಿಲ್ಲವೇ ಎಂದು.

"ಹೊಲದ್ ಕೆಲ್ಸುಕ್ಕೆ ಹೊಲದೋರು ಕೂಗ್ಬೇಕು ಮೇಡಮ್ಮ. ಬೆಳಿಗ್ಗೆ ಎದ್ದು ಅವ್ರ ಮನೆ ಗೋಡೆ ಮಗ್ಗುಲ್ಗೆ ನಿಂತ್ಕಂಡಿರ್ಬೇಕು. ಕೂಗುದ್ರೆ ಹೋಗೋದು, ಕೂಗ್ನಿಲ್ಲ ಅಂದ್ರೆ ಮನೀಗೆ ಬರೋದು. ಇದು ಯಾರೂ ಕೂಗ್ದೇನೆ ನಾನೇ ಬರೋ ಕೆಲ್ಸ," ಎಂದಳು. "ಕಾಯಂ ಒಂದಾಗ್ಬುಟ್ರೆ ಆ ಗೋಡೆ ತಾವ ನಾನು ನಿಂತ್ಕಳಕಿಲ್ಲ."

ಆ ಮಾತು ಕೇಳಿದ ಮೇಲೆ ಅವಳು ಕಾಯಂ ಆಗಲೇಬೇಕು ಎಂಬ ಆಸೆ ಅವಳಿಗಿಂತ ನನಗೇ ಹೆಚ್ಚಾಯಿತು.

ಶೆಡ್ಡಿನ ಒಳಗೆ ಎಲ್ಲರೂ ನೀಲಿ ಕೋಟು ತೊಡಬೇಕಿತ್ತು. ಕೂದಲು ಮಿಷನ್ನಿಗೆ ಸಿಕ್ಕಬಾರದೆಂದು ತಲೆಗೆ ಹುಬ್ಬಿನವರೆಗೆ ಬಟ್ಟೆ, ವಾರ್ನಿಷ್ ಘಾಟಿಗೆ ಮೂಗಿನ ಮೇಲೊಂದು ಬಟ್ಟೆ. ಕಾಣುತ್ತಿದ್ದದ್ದು ಎರಡು ಕಣ್ಣು. ನಾನು ದಿನಕ್ಕೆ ಎರಡು ಸಲ ಒಳಗೆ ಹೋಗುತ್ತಿದ್ದೆ, ಸುತ್ತಿದ ಕಾಯಿಲನ್ನು ನೋಡುತ್ತಿದ್ದೆ, ಬರುತ್ತಿದ್ದೆ. ಕರೆಯುವುದೂ ನಂಬರಿನಿಂದಲೇ. "ಮೂರು, ತಂತಿ ಸಡಿಲ." "ಎಂಟು, ಪೇಪರು ಸರಿಯಾಗಿ ಕೂರಿಸು." ತಂತಿಯ ಒಂದೊಂದು ಪದರಕ್ಕೂ ನಡುವೆ ಒಂದು ಪೇಪರು ಇಡಬೇಕಿತ್ತು. ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನದೆ ಲಾಭ ಎನ್ನುತ್ತಾರಲ್ಲ, ಹಾಗೆಯೇ ಇವರು ಪದರ ಎಣಿಸುತ್ತಿದ್ದರು: ಲಾಭ, ಎರಡು, ಮೂರು. ಹನ್ನೆರಡು ಮಿಷನ್ನಿನಿಂದಲೂ ಲಾಭ ಲಾಭ ಎಂದು ಕೇಳಿ ಯಜಮಾನರು ಕಣ್ಣು ಮುಚ್ಚಿಕೊಂಡು ನಿಂತುಬಿಡುತ್ತಿದ್ದರು.

ಹಾಜರಿಯಂತೂ ಬೆರಗು ಹುಟ್ಟಿಸುವಂತಿತ್ತು. ಯುಗಾದಿಯ ಮರುದಿನ ಹೊಸತೊಡಕು, ಮನೆಮನೆಯಲ್ಲೂ ಬಾಡೂಟ, ಅಕ್ಕಪಕ್ಕದ ಶೆಡ್ಡುಗಳಲ್ಲಿ ಕಾಗೆ ಕೂಗುತ್ತಿದ್ದರೆ ನಮ್ಮಲ್ಲಿ ಹನ್ನೆರಡಕ್ಕೆ ಹನ್ನೆರಡು. ಮಾವಿನ ಕಾಲದಲ್ಲಿ ಗೌಡರ ಮನೆಗೆ ಕೃಷ್ಣಗಿರಿಯಿಂದ ಹೆಣ್ಣು ತಂದು ಮದುವೆ ಮಾಡಿದರು. ಊರಿಗೆ ಊರೇ ಚಪ್ಪರದಡಿ ಇದ್ದ ಆ ನಾಲ್ಕು ದಿನವೂ ಒಂದನೇ ಟೋಕನ್ನು ಗೇಟಿಗೆ ಬಂತು. ಮನೆಯ ಮದುವೆ ಬಿಟ್ಟು ಬಂದಿದ್ದಾಳಲ್ಲ, ಎಂಥ ನಿಷ್ಠೆ ಎಂದು ನಾನು ಗಂಡನ ಮುಂದೆ ಕೊಚ್ಚಿಕೊಂಡೆ. ಯಜಮಾನರು ಬೆಂಗಳೂರಿನ ಸಭೆಯೊಂದರಲ್ಲಿ ಕೊಚ್ಚಿಕೊಂಡರು. ಬಡವರಿಗೆ ನಂಬಿಕೆಯಿಂದ ಕೆಲಸ ಕೊಟ್ಟು ನೋಡಿ, ಒಬ್ಬರೂ ತಪ್ಪಿಸುವುದಿಲ್ಲ ಎಂದರಂತೆ.

ನನ್ನ ಚಿಂತೆ ಬೇರೆಯಿತ್ತು. ಮಳೆಗಾಲದ ಹೊತ್ತಿಗೆ ಹನ್ನೆರಡನೆಯವಳು ಬಸುರಿ ಎಂದು ಗೊತ್ತಾಗಿತ್ತು. ಕೋಟಿನ ಗುಂಡಿ ಹಾಕಲು ಒದ್ದಾಡುವಾಗ ನಾನೇ ಕಂಡುಹಿಡಿದಿದ್ದೆ. ಹೆರಿಗೆ, ಬಾಣಂತನ ಎಂದರೆ ಹತ್ತು ದಿನದಲ್ಲಿ ಮುಗಿಯುವ ಮಾತೇ? ನಮ್ಮಂಥ ಸಣ್ಣ ಶೆಡ್ಡಿನಲ್ಲಿ ಬಾಣಂತಿ ರಜೆಯ ಹೆಸರೇ ಯಾರೂ ಎತ್ತುತ್ತಿರಲಿಲ್ಲ. "ಏನು ಮಾಡ್ತೀಯೇ?" ಎಂದು ಕೇಳಿದರೆ, "ಏನೋ ಒಂದಾಯ್ತದೆ ಬುಡಿ ಮೇಡಮ್ಮ," ಎಂದು ನಕ್ಕಳು. ಎರಡು ಮೂರು ಸಲ ಯಜಮಾನರ ಕೋಣೆಯ ಬಾಗಿಲವರೆಗೆ ಹೋಗಿ, ಹೇಳಲು ಧೈರ್ಯ ಸಾಲದೆ ವಾಪಸು ಬಂದೆ.

ಒಂದು ದಿನ ನೋಡಿದರೆ ಹನ್ನೆರಡನೇ ಮಿಷನ್ನಿನ ಮುಂದೆ ಕೂತವಳಿಗೆ ಹೊಟ್ಟೆಯೇ ಇಲ್ಲ. ಟೋಕನ್ನು ಮಾತ್ರ ಒಂದು ದಿನವೂ ತಪ್ಪಿರಲಿಲ್ಲ. ಮಗು ಹೋಗಿರಬೇಕು, ಸಂಕಟ ನುಂಗಿಕೊಂಡು ಮಾರನೆಯ ದಿನವೇ ಬಂದು ಕೂತಿದ್ದಾಳೆ, ಆ ಹಾಳು ನಿಯಮಕ್ಕೆ ಹೆದರಿ ಬಂದಿದ್ದಾಳೆ ಎಂದುಕೊಂಡೆ. ಕೇಳಲು ಬಾಯಿ ಬರಲಿಲ್ಲ. ಮನೆಯಿಂದ ದಿನಾ ಎರಡು ಬಾಳೆಹಣ್ಣು ತಂದು ಅವಳ ಮಿಷನ್ನಿನ ಮೇಲಿಟ್ಟು, ಬೆನ್ನು ಸವರಿ, ಕಣ್ಣು ಒರೆಸಿಕೊಂಡು ಬರುತ್ತಿದ್ದೆ. ಅವಳು ತಲೆ ತಗ್ಗಿಸಿಕೊಂಡು ಹಣ್ಣು ತೆಗೆದುಕೊಳ್ಳುತ್ತಿದ್ದಳು. ಹೀಗೆ ಒಂದು ತಿಂಗಳಿಗೂ ಹೆಚ್ಚು ಬಾಳೆಹಣ್ಣು ಕೊಟ್ಟೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ನಿನ್ನ ಕಾರ್ಖಾನೆಯ ಹೆಂಗಸರ ಕಷ್ಟಕ್ಕೆ ನಮ್ಮ ಮನೆಯ ಹಣ್ಣೇ ಬೇಕೇ ಎಂದು ಗಂಡ ಗೊಣಗುತ್ತಿದ್ದರು.

ದೀಪಾವಳಿ ಕಳೆದು ಕಾರ್ಖಾನೆಗೆ ವರ್ಷ ತುಂಬಿತು. ಹನ್ನೆರಡು ಜನಕ್ಕೂ ಕಾಯಂ ಪತ್ರ ಕೊಡಲು ಯಜಮಾನರು ಒಂದು ಸಮಾರಂಭವನ್ನೇ ಇಟ್ಟುಕೊಂಡರು. ಶೆಡ್ಡಿನ ಮುಂದೆ ಶಾಮಿಯಾನ, ಬೆಂಗಳೂರಿನಿಂದ ಒಬ್ಬ ದೊಡ್ಡ ಮನುಷ್ಯರು ಅತಿಥಿ. ಮನೆಯವರನ್ನೂ ಕರೆದುಕೊಂಡು ಬನ್ನಿ, ಎಲ್ಲರಿಗೂ ಸಿಹಿ ಉಂಟು ಎಂದು ಯಜಮಾನರು ಮೊದಲೇ ಹೇಳಿದ್ದರು. ಅಂದು ನೀಲಿ ಕೋಟು ಇಲ್ಲ, ಮೂಗಿಗೆ ಬಟ್ಟೆ ಇಲ್ಲ. ಜರಿ ಸೀರೆ, ಕನಕಾಂಬರ, ಅರಿಸಿನ ಕುಂಕುಮದ ಮುಖಗಳು. ಯಾರು ಯಾವ ನಂಬರು ಎಂದು ನನಗೆ ಒಂದೂ ತಿಳಿಯಲಿಲ್ಲ. ಅಲಂಕಾರ ಹೆಚ್ಚಾಯಿತು ಎಂದು ಸಮಾಧಾನ ಮಾಡಿಕೊಂಡೆ.

ಅತಿಥಿಗಳು ಬಡತನದ ಬಗ್ಗೆ ಬಹಳ ಹೊತ್ತು ಮಾತಾಡಿದರು. ಆಮೇಲೆ ಯಜಮಾನರು ಮೊದಲ ಪತ್ರ ಕೈಗೆತ್ತಿಕೊಂಡು ಮೈಕಿನಲ್ಲಿ ಕರೆದರು.

"ಟೋಕನ್ ನಂಬರ್ ಒಂದು!"

ಮೂವರು ಎದ್ದು ಬಂದರು. ಗೌಡರ ಮನೆಯ ಸೊಸೆ, ಅವಳ ಓರಗಿತ್ತಿ, ಜೊತೆಗೆ ಕಾಲೊನಿಯ ಒಂದು ಚಿಕ್ಕ ಹುಡುಗಿ. ಮೂವರೂ ಒಟ್ಟಿಗೆ ಕೈ ಚಾಚಿದರು. ಯಜಮಾನರು ಪತ್ರ ಹಿಂದಕ್ಕೆಳೆದುಕೊಂಡರು. "ಒಬ್ಬರೇ ಬನ್ರಮ್ಮಾ, ನಂಬರ್ ಒಂದು ಮಾತ್ರ."

"ನಾವೇ ಸಾರ್ ಒಂದು," ಎಂದಳು ಓರಗಿತ್ತಿ, ಇದೇನು ಕೇಳುತ್ತೀರಿ ಎನ್ನುವ ಹಾಗೆ.

ಯಜಮಾನರು ನನ್ನ ಕಡೆ ನೋಡಿದರು. ನಾನು ಹಾಜರಿ ಪುಸ್ತಕದ ಕಡೆ ನೋಡಿದೆ. ಅದರಲ್ಲಿ ಬರೀ ಗೆರೆಗಳಿದ್ದವು. ತಡೆಯಲಾರದೆ ಅವರು ಎರಡು, ಮೂರು, ನಾಲ್ಕು ಎಂದು ಒಂದೇ ಉಸಿರಿಗೆ ಕರೆದುಬಿಟ್ಟರು. ಶಾಮಿಯಾನದ ಅಡಿ ಕೂತಿದ್ದವರಲ್ಲಿ ಅರ್ಧ ಜನ ಎದ್ದು ನಿಂತರು. ಕೊನೆಗೆ ಅವರು ದನಿ ತಗ್ಗಿಸಿ, "ಹನ್ನೆರಡು?" ಎಂದರು.

ಗೇಟಿನ ಹತ್ತಿರ ನಿಂತಿದ್ದ ನಮ್ಮ ಕಾಲೊನಿಯ ಹುಡುಗಿ ಮುಂದೆ ಬಂದಳು. ತೋಳಿನಲ್ಲಿ ಮೂರು ತಿಂಗಳ ದುಂಡು ದುಂಡು ಮಗು. ಅವಳ ಹಿಂದೆಯೇ ಗೌಡರ ಸೊಸೆಯ ಓರಗಿತ್ತಿಯೂ ಬಂದು ನಿಂತಳು. ಮಗುವನ್ನು ಕಂಡು ನನಗೆ ಎಷ್ಟು ಸಂತೋಷವಾಯಿತೆಂದರೆ, ನನ್ನ ಕೆಲಸ ಹೋಗುವ ಹೊತ್ತು ಬಂದಿದೆ ಎಂಬುದೇ ಮರೆತುಹೋಯಿತು. ಮರುಕ್ಷಣ ಬಾಳೆಹಣ್ಣು ನೆನಪಾಯಿತು. ಓರಗಿತ್ತಿಯ ಕಣ್ಣು ನೋಡಿದೆ. ಆ ಕಣ್ಣು ನನಗೆ ಚೆನ್ನಾಗಿ ಪರಿಚಯವಿತ್ತು.

"ನೀನೇನೇ ಆ ಹಣ್ಣೆಲ್ಲ ತಿಂದಿದ್ದು?"

"ನೀವೇ ಕೊಟ್ರಿ, ಬ್ಯಾಡ ಅನ್ನಾಕಾಯ್ತದಾ ಮೇಡಮ್ಮ? ಬೆನ್ ಬೇರೆ ಸವರ್ತಿದ್ರಿ. ನಮ್ಮತ್ತೇನೂ ಯಾವತ್ತೂ ಸವರ್ದೋರಲ್ಲ," ಎಂದಳು.

ಒಂದನೇ ಟೋಕನ್ನಿನ ಸೊಸೆ ಎಲ್ಲವನ್ನೂ ಬಿಡಿಸಿ ಹೇಳಿದಳು, ನಾಚಿಕೆಯೂ ಇಲ್ಲ, ಹೆದರಿಕೆಯೂ ಇಲ್ಲ. ಅವರ ಊರಿನಲ್ಲಿ ಮುಯ್ಯಾಳಿನ ಪದ್ಧತಿ. ಇಂದು ನಿಮ್ಮ ಹೊಲಕ್ಕೆ ನಮ್ಮ ಮನೆಯಿಂದ ಒಂದಾಳು ಬಂದರೆ ನಾಳೆ ನಮ್ಮ ಹೊಲಕ್ಕೆ ನಿಮ್ಮ ಮನೆಯಿಂದ ಒಂದಾಳು ಬರಬೇಕು. ಕೂಲಿಯ ಮಾತಿಲ್ಲ. ಇಂಥವಳೇ ಬರಬೇಕೆಂದೂ ಇಲ್ಲ, ಆಳು ತಪ್ಪಬಾರದು ಅಷ್ಟೆ. ಟೋಕನ್ನನ್ನೂ ಅವರು ಹಾಗೆಯೇ ತಿಳಿದುಕೊಂಡಿದ್ದರು. ಕಾರ್ಖಾನೆಗೆ ಮನೆಯಿಂದ ಒಂದಾಳು ಹೋಗಬೇಕು, ಆ ಮನೆಗೆ ಅಡಚಣೆಯಾದರೆ ಇನ್ನೊಂದು ಮನೆಯವರು ಮುಯ್ಯಿಗೆ ಹೋಗಬೇಕು. ಕೆಟ್ಟುಹೋದ ತಂತಿ ಮನೆಗೊಯ್ದು, ಜಗಲಿಯ ಮೇಲೆ ಕೂತು ಒಬ್ಬರಿಗೊಬ್ಬರು ಸುತ್ತುವುದನ್ನು ಕಲಿಸಿದ್ದರು.

ಮೋಸ ಎಂಬ ಪದ ಯಜಮಾನರ ಬಾಯಿಗೆ ಬಂದೇಬಿಟ್ಟಿತು. ನನ್ನ ಕಡೆ ತಿರುಗಿ, "ನೋಡಮ್ಮಾ, ಈ ಹನ್ನೆರಡನೆಯವಳು ಎಷ್ಟು ದಿನ ತಾನೇ ಬಂದಿಲ್ಲ?" ಎಂದರು.

ನನಗೆ ಹೇಗೆ ಗೊತ್ತಿರಬೇಕು? ಗೊತ್ತಿದ್ದವಳು ತಾನೇ ಹೇಳಿದಳು. ಮಗುವನ್ನು ಎದೆಗೊತ್ತಿಕೊಂಡು, "ಐವತ್ತು ದಿನಾ ಆಯ್ತು ಸಾರ್. ನಾನ್ ಸುಳ್ ಹೇಳಾಕಿಲ್ಲ," ಎಂದಳು. ಟೋಕನ್ನನ್ನು ಸೆರಗಿನ ಗಂಟಿನಿಂದ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ನಿಂತಳು. ನನಗೆ ಆ ಗೋಡೆಯ ಮಾತು ನೆನಪಾಯಿತು.

ಗೌಡರ ಸೊಸೆಗೆ ಮಾತ್ರ ರೇಗಿಹೋಯಿತು. "ಐವತ್ತು ದಿನಾನೂ ನಮ್ಮನೆ ಆಳು ಬಂದೈತಲ್ಲ ಸಾರ್! ನಮ್ಮನೆ ಮದ್ವೇಲಿ ಊರೋರೆಲ್ಲ ಚಪ್ರದಾಗಿದ್ರು, ನಂಗೆ ಮುಯ್ಯಾಳು ಸಿಗ್ನಿಲ್ಲ. ಇವ್ಳ ತಂಗಿ ಬಂದು ನಾಕು ದಿನಾ ನನ್ ಮಿಷನ್ ನಡ್ಸುದ್ಲು. ಮುಯ್ಯಿ ಉಳಿಸ್ಕಳೋ ಮನೆ ಅಲ್ಲ ನಮ್ದು. ಇವ್ಳು ಬಾಣಂತನಕ್ಕೆ ಮಲೀಕಂಡಾಗ ನಮ್ಮನೆಯಿಂದ ಕಳ್ಸುದ್ವಿ. ಕೆಲ್ಸ ನಿಂತೈತಾ?"

"ನನಗೆ ಯಾರಾದರೂ ಒಂದು ಆಳು ಬೇಕಾಗಿಲ್ಲಮ್ಮಾ. ನಾನು ಕೆಲಸ ಕೊಟ್ಟದ್ದು ಇವಳಿಗೆ!"

"ಅಂಗಂದ್ರೆ ಇವ್ಳ ಹೆಸ್ರೇನು ಹೇಳಿ ಸಾರ್."

ಯಜಮಾನರು ಕೈಯಲ್ಲಿದ್ದ ಪತ್ರ ನೋಡಿದರು, ಅದರ ಮೇಲೂ ಟೋಕನ್ ನಂಬರೇ ಇತ್ತು. ನನ್ನ ಕಡೆ ನೋಡಿದರು. ವರ್ಷದ ಹಿಂದೆ ಅವಳ ಹೆಸರನ್ನು ಕೆಲಸದ ಅರ್ಜಿಯಲ್ಲಿ ಬರೆದವಳು ನಾನೇ. ಆಮೇಲೆ ಒಂದು ದಿನವೂ ಅದನ್ನು ಕರೆದಿರಲಿಲ್ಲ. ಅಷ್ಟು ಬಾಳೆಹಣ್ಣು ಕೊಟ್ಟು ಅತ್ತವಳಿಗೆ ಹೆಸರು ನಾಲಿಗೆಗೆ ಬರಲಿಲ್ಲ. ನನಗೆ ತುಂಬಾ ನಾಚಿಕೆಯಾಯಿತು, ಇವತ್ತಿಗೂ ಆಗುತ್ತದೆ.

ಆಗ ನಮ್ಮ ಫಿಟ್ಟರು, ತಮಿಳು ಮಾತಾಡುವ ವಯಸ್ಸಾದ ಮೇಸ್ತ್ರಿ, ಮೆಲ್ಲಗೆ ಎದ್ದು ಬಂದು ಕಾಯಿಲುಗಳ ಪರೀಕ್ಷೆಯ ಪಟ್ಟಿಯನ್ನು ಯಜಮಾನರ ಮುಂದಿಟ್ಟ. ಹನ್ನೆರಡನೇ ಮಿಷನ್ನಿನಲ್ಲಿ ತಿರಸ್ಕಾರವಾದ ಕಾಯಿಲು ಎಲ್ಲಕ್ಕಿಂತ ಕಡಿಮೆ. ಈ ಬದಲಾವಣೆಯೆಲ್ಲ ನಿನಗೆ ಗೊತ್ತಿತ್ತೇ ಎಂದು ಕೇಳಿದರೆ, "ಎರಡನೇ ತಿಂಗಳಿಂದಲೂ ತೆರಿಯುಂ ಸಾರ್, ಯಾರೂ ಕೇಳಲಿಲ್ಲ," ಎಂದ. ಅತಿಥಿಗಳು ಅಷ್ಟು ಹೊತ್ತು ತಡೆದಿದ್ದ ನಗುವನ್ನು ಬಿಟ್ಟೇಬಿಟ್ಟರು. ಹನ್ನೆರಡು ಜನಕ್ಕೆ ಸಂಬಳ ಕೊಟ್ಟು ಇಪ್ಪತ್ತು ಚಿಲ್ಲರೆ ಜನಕ್ಕೆ ಕಸುಬು ಕಲಿಸಿದ್ದೀರಲ್ಲ, ಇನ್ನೇನು ಬೇಕು ಎಂದರು. ಯಜಮಾನರು ಆ ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದರು. ಆಮೇಲೆ ಆ ಹುಡುಗಿಯ ಹತ್ತಿರ ಹೋಗಿ, ಅವಳಿಂದಲೇ ಅವಳ ಹೆಸರು ಕೇಳಿ, ಮೈಕಿನಲ್ಲಿ ಅದನ್ನು ಕರೆದು ಪತ್ರ ಕೊಟ್ಟರು. ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವಳು ಬೈಯುತ್ತಾಳೆ.

ಮಾರನೆಯ ವಾರದಿಂದ ಬದಲಿಯವರ ಪಟ್ಟಿ ಎಂದು ಇನ್ನೊಂದು ಪುಸ್ತಕ ಬಂತು. ಮುಯ್ಯಾಳುಗಳೆಲ್ಲ ಹೆಸರಿನೊಂದಿಗೆ ಅದರಲ್ಲಿ ಸೇರಿದರು. ಮಿಷನ್ನು ಹೆಚ್ಚಾದಂತೆ ಒಬ್ಬೊಬ್ಬರೂ ಕಾಯಂ ಆದರು. ಯಜಮಾನರು ಮುಂದಿನ ಸಭೆಗಳಲ್ಲಿ ಇದನ್ನು ತಮ್ಮದೇ ಯೋಜನೆಯೆಂದು, ಒಂದು ಉದ್ದನೆಯ ಇಂಗ್ಲಿಷ್ ಹೆಸರಿಟ್ಟು ವಿವರಿಸಿದರಂತೆ. ನನ್ನ ಕೆಲಸ ಉಳಿಯಿತು. ಹದ್ದಿನ ಕಣ್ಣಿನ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ.

ಊರಿನಲ್ಲಿ ಒಂದು ಲೆಕ್ಕ ಬಾಕಿ ಉಳಿದಿತ್ತು. ಕಾಲೊನಿಯಿಂದ ನಾಲ್ಕು ದಿನ ಬಂದಿದ್ದರು, ಗೌಡರ ಮನೆಯಿಂದ ಐವತ್ತು ದಿನ ಹೋಗಿದ್ದರು. ಹಾಗಾಗಿ ಈಗ ಮುಯ್ಯಿ ತೀರಿಸುವ ಸರದಿ ಅವಳದು. ಗೌಡರ ಹೊಲದ ರಾಗಿ ಕುಯ್ಲಿಗೆ ಭಾನುವಾರ ಅವಳು ಹೊರಟಳು, ಯಾರೂ ಕೂಗಲಿಲ್ಲ, ಯಾವ ಗೋಡೆಯ ಹತ್ತಿರವೂ ನಿಲ್ಲಲಿಲ್ಲ. ಅಂದು ಓರಗಿತ್ತಿ ನನ್ನನ್ನೂ ಕರೆದಿದ್ದಳು, ಬಾಳೆಹಣ್ಣಿನ ಋಣವಂತೆ.

ಮಧ್ಯಾಹ್ನ ಹೊಂಗೆಮರದ ನೆರಳಿಗೆ ಊಟ ಬಂತು. ಅಲ್ಲಿಯವರೆಗೆ ಯಾರೂ ಯೋಚಿಸದಿದ್ದ ಫಜೀತಿ ಆಗ ಎದುರಾಯಿತು. ಕೂಲಿಗೆ ಬಂದ ಕಾಲೊನಿಯವರಿಗೆ ಬದುವಿನ ಆಚೆ ಬಡಿಸುವುದು ರೂಢಿ. ಮುಯ್ಯಿಗೆ ಬಂದವರು ಮನೆಯವರ ಸಾಲಿನಲ್ಲೇ ಕೂತು ಉಣ್ಣಬೇಕು, ಅದೂ ರೂಢಿ. ಕಾಲೊನಿಯಿಂದ ಹೊಲಕ್ಕೆ ಮುಯ್ಯಿಗೆ ಬಂದವರೇ ಅದುವರೆಗೆ ಆ ಊರಿನಲ್ಲಿ ಇರಲಿಲ್ಲ. ಮುದ್ದೆಯ ಪುಟ್ಟಿ ಹಿಡಿದಿದ್ದ ಹಿರಿಯ ಗೌಡತಿ, ಆ ಸೊಸೆಯರ ಅತ್ತೆ, ಬದುವಿನ ಕಡೆ ಒಮ್ಮೆ, ಸಾಲಿನ ಕಡೆ ಒಮ್ಮೆ ನೋಡುತ್ತಾ ನಿಂತುಬಿಟ್ಟಳು. ಸೊಸೆಯರು ಎಲೆಯ ಮೇಲೆ ನೀರು ಚಿಮುಕಿಸುವುದರಲ್ಲಿ ಮೈಮರೆತವರಂತೆ ತಲೆ ತಗ್ಗಿಸಿದರು.

ಹುಡುಗಿ ಕುಡುಗೋಲು ಕೆಳಗಿಟ್ಟು, ಮಗುವನ್ನು ನನ್ನ ಮಡಿಲಿಗೆ ಹಾಕಿ, ಓರಗಿತ್ತಿಯ ಪಕ್ಕದಲ್ಲಿ ಎಲೆ ಎಳೆದುಕೊಂಡು ಕೂತಳು. "ಮುಯ್ಯಾಳು ಅಲ್ವಾ ನಾನು," ಎಂದಳು, ಯಾರನ್ನೂ ನೋಡದೆ.

ಗೌಡತಿ ಸಾಲಿಗೆ ಬಡಿಸುತ್ತಾ ಬಂದಳು. ಇವಳ ಎಲೆಗೆ ಬಂದಾಗ ಮುದ್ದೆಯನ್ನು ಮೊಳದೆತ್ತರದಿಂದ ಬಿಟ್ಟಳು. ಅದು ಧೊಪ್ಪೆಂದು ಬಿತ್ತು, ಎಲೆಯ ಮೇಲೆಯೇ ಬಿತ್ತು. ಹುಡುಗಿ ಅದಕ್ಕೆ ಹೆಬ್ಬೆರಳಿನಿಂದ ಗುಳಿ ಮಾಡಿ, ತಲೆಯೆತ್ತಿ ಗೌಡತಿಯ ಮುಖವನ್ನೇ ನೋಡಿದಳು.

"ಸಾರು ಬುಡಮ್ಮೋ," ಎಂದಳು.

ಅವರೆಕಾಳಿನ ಸಾರು, ಕುದಿಕುದಿ ಬಿಸಿ. ಎತ್ತರದಿಂದ ಬಿಟ್ಟರೆ ಪಕ್ಕದಲ್ಲಿ ಕೂತ ಸ್ವಂತ ಸೊಸೆಯ ಸೀರೆಯ ಮೇಲೆ ಹಾರುತ್ತದೆ. ಗೌಡತಿ ಒಂದು ಗಳಿಗೆ ಸೌಟು ಹಿಡಿದು ನಿಂತಳು, ಆಮೇಲೆ ಸೊಂಟ ಬಗ್ಗಿಸಿ, ಎಲೆಯ ಹತ್ತಿರಕ್ಕೆ ಬಂದು ಸಾರು ಬಿಟ್ಟಳು. ಹುಡುಗಿ ಒಂದು ತುತ್ತು ನುಂಗಿ, "ಇನ್ನೊಸಿ," ಎಂದಳು. ಗೌಡತಿ ಇನ್ನೊಂದು ಸಲ ಬಗ್ಗಿದಳು.